ಮಂಚ ಮಾಡುವ ಅಂಗಡಿಯಲ್ಲೇ ಶವಪೆಟ್ಟಿಗೆ: ಅಮೆರಿಕದ ಸಣ್ಣ ಊರುಗಳ ಜೋಡಿ ವ್ಯಾಪಾರ

19ನೇ ಶತಮಾನದ ಅಮೆರಿಕದಲ್ಲಿ, ಅದರಲ್ಲೂ ಒಹಾಯೊ, ಇಂಡಿಯಾನಾ ಕಡೆಯ ಸಣ್ಣ ಊರುಗಳಲ್ಲಿ, ಫರ್ನಿಚರ್ ಅಂಗಡಿಯವನೇ ಅಂತ್ಯಸಂಸ್ಕಾರದ ವ್ಯವಸ್ಥೆಯನ್ನೂ ನೋಡಿಕೊಳ್ಳುವುದು ಮಾಮೂಲಿಯಾಗಿತ್ತು. ಒಣಗಿದ ಹಲಗೆ, ವಾರ್ನಿಷ್, ಸಾಮಾನು ಸಾಗಿಸುವ ಗಾಡಿ, ಬಂದವರು ಕೂರಲು ಕುರ್ಚಿ ಎಲ್ಲ ಬಡಗಿಯ ಹತ್ತಿರವೇ ಇರುತ್ತಿದ್ದವು. ಶವ ತೊಳೆದು ಬಟ್ಟೆ ಉಡಿಸುವುದು ಆಗಿನ್ನೂ ಮನೆಯವರ, ನೆರೆಹೊರೆಯ ಹೆಂಗಸರ ಕೆಲಸ.

ಪೆಟ್ಟಿಗೆ ಮಾಡುವ ಕ್ರಮವನ್ನು ಸರಿಯಾಗಿ ತಿಳಿದುಕೊಳ್ಳಿ, ಮುಂದಿನ ಬದಲಾವಣೆ ಅರ್ಥವಾಗುವುದು ಅದರಿಂದಲೇ. ಕಾಫಿನ್ ಎಂಬ ಹಳೆಯ ಶವಪೆಟ್ಟಿಗೆಗೆ ಆರು ಬದಿ: ಭುಜದ ಹತ್ತಿರ ಅಗಲ, ತಲೆ ಮತ್ತು ಕಾಲಿನ ಕಡೆ ಕಿರಿದು. ದೇಹದ ಉದ್ದ, ಭುಜದ ಅಗಲ ಎರಡೇ ಅಳತೆ. ಉದ್ದಕ್ಕೆ ಒಂದೆರಡು ಅಂಗುಲ ಹೆಚ್ಚು. ಮೊದಲು ತಳದ ಹಲಗೆ ಕತ್ತರಿಸಿ, ಪಕ್ಕದ ಹಲಗೆಯನ್ನು ಅದರ ಸುತ್ತ ಬಾಗಿಸಬೇಕು. ಮುಕ್ಕಾಲು ಅಂಗುಲ ದಪ್ಪದ ಹಲಗೆ ಸುಮ್ಮನೆ ಬಾಗುವುದಿಲ್ಲವಲ್ಲ. ಅದಕ್ಕೆ ಭುಜ ಬರುವ ಕಡೆ ಒಳಮೈಗೆ ಅಡ್ಡಲಾಗಿ ಐದಾರು ಗರಗಸದ ಗೀರು ಹಾಕಿ, ಕುದಿಯುವ ನೀರು ಸುರಿದು, ನಿಧಾನವಾಗಿ ಮಡಿಸಿ ತಳಕ್ಕೆ ಮೊಳೆ ಹೊಡೆಯುತ್ತಿದ್ದರು. ಗೀರು ಆಳ ಸಾಲದಿದ್ದರೆ ಹೊರಮೈ ಸೀಳುತ್ತದೆ. ಹೆಚ್ಚಾದರೆ ಹಲಗೆ ಅಲ್ಲೇ ಮುರಿಯುತ್ತದೆ. ಹಸಿ ಮರವಾದರೆ ಒಣಗುತ್ತ ಕುಗ್ಗಿ ಸಂದು ಬಿಡುತ್ತದೆ. ಸೋರದಂತೆ ಸಂದಿಗೆ ರಾಳವನ್ನೋ ಮೇಣವನ್ನೋ ತುಂಬಿ, ತಳಕ್ಕೆ ಮರದ ಹೊಟ್ಟು ಹರಡಿ, ಮೇಲೆ ಬಟ್ಟೆ ಹಾಸುತ್ತಿದ್ದರು. ಸಾವು ಹೇಳಿ ಬರುವುದಿಲ್ಲವಾದ್ದರಿಂದ ಒಣಗಿದ ಹಲಗೆಯ ದಾಸ್ತಾನು ಇದ್ದವನಿಗೇ ಈ ಕೆಲಸ ಸಿಗುತ್ತಿತ್ತು.

ಬೇಸಿಗೆಯಲ್ಲಿ ಶವ ಕೆಡದಂತೆ ಇಡುವುದೇ ಕಷ್ಟ. ಬೆತ್ತ ಹೆಣೆದ ಹಲಗೆಯ ಮೇಲೆ ಮಲಗಿಸಿ ಐಸ್ ಇಡುತ್ತಿದ್ದರು. ಕರಗಿದ ನೀರಿಗೆ ಕೆಳಗೊಂದು ಬಕೆಟ್ಟು. 1861–65ರ ಅಂತರ್ಯುದ್ಧದಲ್ಲಿ ಸೈನಿಕರ ಶವಗಳನ್ನು ದೂರದ ಊರಿಗೆ ಕಳಿಸಬೇಕಾಗಿ ಬಂದು ಎಂಬಾಮಿಂಗ್, ಅಂದರೆ ಶವ ಕೆಡದಂತೆ ಅದಕ್ಕೆ ದ್ರಾವಣ ತುಂಬುವ ಕ್ರಮ, ಹಬ್ಬಿತು. 1865ರಲ್ಲಿ ಅಧ್ಯಕ್ಷ ಲಿಂಕನ್ ಶವವನ್ನು ವಾಷಿಂಗ್ಟನ್‌ನಿಂದ ಸ್ಪ್ರಿಂಗ್‌ಫೀಲ್ಡ್‌ಗೆ ರೈಲಿನಲ್ಲಿ ಒಯ್ದಾಗ ದಾರಿಯುದ್ದಕ್ಕೂ ಜನ ಅದನ್ನು ಕಣ್ಣಾರೆ ಕಂಡರು. ಆಗಿನ ದ್ರಾವಣಗಳಲ್ಲಿ ಆರ್ಸೆನಿಕ್ ಇರುತ್ತಿತ್ತು. ಫಾರ್ಮಾಲ್ಡಿಹೈಡ್ ಅದರ ಜಾಗಕ್ಕೆ ಬಂದದ್ದು ಆಮೇಲೆ.

ಬಡಗಿ ಅಂತ್ಯಸಂಸ್ಕಾರದ ನಿರ್ವಾಹಕನಾದದ್ದು ಎಂಬಾಮಿಂಗ್‌ನಿಂದಲೇ ಎಂದು ಬರೆದು ಮುಗಿಸುವವರು ಬಹಳ. ಅದು ಅರ್ಧ ಉತ್ತರ ಅಷ್ಟೆ. ಅವನ ಕೈಯಿಂದ ಉಳಿ ಕಿತ್ತುಕೊಂಡದ್ದು ಕಾರ್ಖಾನೆ ಮತ್ತು ರೈಲು. ಕಾಸ್ಕೆಟ್ ಎಂಬ ಆಯತಾಕಾರದ ಹೊಸ ಪೆಟ್ಟಿಗೆಗೆ ಭುಜದ ಬಾಗು ಇಲ್ಲ, ಯಂತ್ರದಲ್ಲಿ ಸಲೀಸು. ಇಂಡಿಯಾನಾದ ಬೇಟ್ಸ್‌ವಿಲ್‌ನಲ್ಲಿ 1884ರಲ್ಲಿ ಶುರುವಾದ ಕಾಫಿನ್ ಕಂಪನಿಯನ್ನು 1906ರಲ್ಲಿ ಜಾನ್ ಹಿಲೆನ್‌ಬ್ರ್ಯಾಂಡ್ ಕೊಂಡರು. ಆ ಊರೇ ಮರಗೆಲಸಕ್ಕೆ ಹೆಸರಾದದ್ದು. ಸಿದ್ಧ ಪೆಟ್ಟಿಗೆ ತರಿಸಿ ಮಾರುವವನಿಗೆ ಉಳಿದ ದುಡಿಮೆ ಸೇವೆಯದು: ಶವ ಸಿದ್ಧಪಡಿಸುವುದು, ಗಾಡಿ, ಮೆರವಣಿಗೆ. 1882ರಲ್ಲಿ ಈ ನಿರ್ವಾಹಕರ ರಾಷ್ಟ್ರೀಯ ಸಂಘ ಹುಟ್ಟಿತು. 1894ರಲ್ಲಿ ವರ್ಜೀನಿಯಾ ಎಂಬಾಮಿಂಗ್‌ಗೆ ಲೈಸೆನ್ಸ್ ಕಾನೂನು ತಂದಿತು.

ಆದರೂ ಫರ್ನಿಚರನ್ನು ತಕ್ಷಣ ಬಿಡಲಿಲ್ಲ. ಸಣ್ಣ ಊರಿನಲ್ಲಿ ವರ್ಷಕ್ಕೆ ಆಗುವ ಸಾವು ಕೆಲವೇ. ಉಳಿದ ದಿನಗಳ ಖರ್ಚು ಹೊರುವುದು ಮೇಜು, ಮಂಚ. ಮೋಟಾರು ಶವವಾಹನ ಬಂದ ಮೇಲೆ ಅದೇ ಆಂಬುಲೆನ್ಸ್ ಕೂಡ ಆಯಿತು, ಮಲಗಿಸಿ ಒಯ್ಯಲು ಊರಲ್ಲಿ ಬೇರೆ ಗಾಡಿಯೇ ಇರಲಿಲ್ಲ. 1966ರ ಹೆದ್ದಾರಿ ಸುರಕ್ಷತಾ ಕಾಯ್ದೆಯ ನಂತರ ತರಬೇತಿ, ಸಲಕರಣೆಯ ನಿಯಮ ಬಿಗಿಯಾಗಿ ಆಂಬುಲೆನ್ಸ್ ಕೆಲಸ ಇವರ ಕೈಬಿಟ್ಟಿತು.

ಇಂಥ ಅಂಗಡಿಯ ಹಳೆಯ ಲೆಕ್ಕದ ಪುಸ್ತಕ ಸಿಕ್ಕರೆ ಮಾರಾಟದ ಪುಟಕ್ಕಿಂತ ಮೊದಲು ಖರೀದಿಯ ಪುಟ ನೋಡಿ. ಹಲಗೆ, ಸ್ಕ್ರೂ, ರಾಳದ ಖರ್ಚು ಇಳಿದು ಸಿದ್ಧ ಪೆಟ್ಟಿಗೆಯ ಬೆಲೆ, ರೈಲು ಸಾಗಣೆ ಏರುವ ವರ್ಷ ಗುರುತು ಹಾಕಿಕೊಳ್ಳಿ, ಬಡಗಿ ನಿರ್ವಾಹಕನಾದದ್ದು ಆಗಲೇ. ಅಂಗಡಿಯ ಬೋರ್ಡು ಬದಲಾದ ವರ್ಷವನ್ನು ನಂಬಬೇಡಿ. ಅದು ಸಾಮಾನ್ಯವಾಗಿ ತಡವಾಗಿ ಬದಲಾಗುತ್ತದೆ.