ಹಳೇ ಡೆಸ್ಕ್‌ಟಾಪ್‌ಗೆ ವೇಗದ ಪೋರ್ಟ್: ಕಾರ್ಡ್ ಕೊಳ್ಳುವ ಮುನ್ನ

ಮದುವೆ ಸೀಸನ್ ಬಂತೆಂದರೆ ಫೋಟೋ ಸ್ಟುಡಿಯೋದವರಿಂದ ನಮ್ಮ ಸರ್ವಿಸ್ ಅಂಗಡಿಗೆ ಬರುವ ದೂರು ಹೆಚ್ಚುಕಡಿಮೆ ಒಂದೇ. "ಸರ್, ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್‌ಗೆ ಕಾಪಿ ಹಾಕಿದ್ರೆ ಮುಗಿಯೋದೇ ಇಲ್ಲ. ಡಿಸ್ಕ್ ಹೋಗಿದ್ಯಾ?"

ಬಹಳ ಸಲ ಡಿಸ್ಕ್ ಚೆನ್ನಾಗಿಯೇ ಇರುತ್ತದೆ, ಹಳೆಯದು ಪೋರ್ಟ್. 2011–13ರ ಸುಮಾರಿಗೆ ನಮ್ಮಲ್ಲಿ ಅಸೆಂಬಲ್ ಆದ ಡೆಸ್ಕ್‌ಟಾಪ್‌ಗಳಲ್ಲಿ ಇಂಟೆಲ್ ಎಚ್61 ಚಿಪ್‌ಸೆಟ್‌ನ (ಪೋರ್ಟು, ಡಿಸ್ಕ್‌ಗಳನ್ನು ನಿಭಾಯಿಸುವ ಮುಖ್ಯ ಚಿಪ್) ಬೋರ್ಡುಗಳು ಬಹಳ. ಆ ಚಿಪ್‌ಸೆಟ್‌ನಲ್ಲಿರುವುದು ಹಳೇ ನಿಧಾನದ ಯುಎಸ್‌ಬಿ 2.0, ವೇಗದ ಯುಎಸ್‌ಬಿ 3.0 ಇಲ್ಲ. ಇಂಟೆಲ್ ಅದನ್ನು ಚಿಪ್‌ಸೆಟ್‌ನೊಳಗೇ ತಂದದ್ದು 2012ರ 7ನೇ ಸರಣಿಯಿಂದ. ಕೆಲವು ಬೋರ್ಡುಗಳಲ್ಲಿ ಬೇರೆ ಚಿಪ್ ಕೂರಿಸಿ ಎರಡು ನೀಲಿ ಪೋರ್ಟ್ ಕೊಟ್ಟಿದ್ದುಂಟು, ಅಗ್ಗದ ಮಾಡೆಲ್‌ಗಳಲ್ಲಿ ಅದೂ ಇರಲಿಲ್ಲ. ಇಂಥ ಯಂತ್ರಗಳು ಒಂದು ಎಸ್‌ಎಸ್‌ಡಿ, 8 ಜಿಬಿ ರ‍್ಯಾಮ್ ಹಾಕಿಸಿಕೊಂಡು ಇವತ್ತಿಗೂ ಆಲ್ಬಂ ಡಿಸೈನ್, ಡಿಟಿಪಿ, ಲೆಕ್ಕಪತ್ರದ ಕೆಲಸ ಮಾಡುತ್ತಿವೆ. ಒಂದು ಪೋರ್ಟಿನ ಕಾರಣಕ್ಕೆ ಇವನ್ನು ಗುಜರಿಗೆ ಹಾಕುವುದು ನನಗೆ ಒಪ್ಪಿಗೆಯಿಲ್ಲ. ಬೋರ್ಡಿನಲ್ಲಿ ಹೆಚ್ಚುವರಿ ಕಾರ್ಡ್ ಕೂರಿಸಲೆಂದೇ ಇರುವ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್‌ಗೆ ಒಂದು ಯುಎಸ್‌ಬಿ 3.0 ಕಾರ್ಡ್ ಹಾಕಿದರೆ ಸಾಕಾಗುತ್ತದೆ. ಆದರೆ ಅಂಗಡಿಗೆ ಓಡುವ ಮೊದಲು ನಿಧಾನವಾಗುತ್ತಿರುವುದು ಎಲ್ಲಿ ಎಂದು ನೋಡಿಕೊಳ್ಳಿ. ದಾರಿಯಲ್ಲಿ ಅತಿ ಇಕ್ಕಟ್ಟಾದ ಜಾಗ ಯಾವುದೋ, ಕಾಪಿ ಆಗುವುದು ಅದರ ವೇಗದಲ್ಲೇ.

ಯುಎಸ್‌ಬಿ 2.0ರ ವೇಗ ಸೆಕೆಂಡಿಗೆ 480 ಮೆಗಾಬಿಟ್, ಅಂದರೆ 60 ಎಂಬಿ ಎಂದು ಹೇಳುತ್ತಾರೆ. ಕೈಗೆ ಸಿಗುವುದು 30ರಿಂದ 40 ಎಂಬಿ ಮಾತ್ರ. 5 ಗಿಗಾಬಿಟ್‌ನ 3.0ದಲ್ಲಿ 400 ಎಂಬಿ ಆಸುಪಾಸು ಸಿಗುತ್ತದೆ. ಅಷ್ಟನ್ನೂ ಬಳಸಿಕೊಳ್ಳುವ ಶಕ್ತಿ ಡಿಸ್ಕ್‌ಗೆ ಇರಬೇಕಲ್ಲ? ಒಳಗೆ ತಟ್ಟೆ ತಿರುಗುವ ಸಾಮಾನ್ಯ ಪೋರ್ಟಬಲ್ ಡಿಸ್ಕ್ 100–130 ಎಂಬಿಗೇ ನಿಲ್ಲುತ್ತದೆ. ಲೆಕ್ಕ ಹಾಕಿ: 100 ಜಿಬಿಯ ಒಂದು ಮದುವೆಯ ಫೈಲುಗಳು 35 ಎಂಬಿ ವೇಗದಲ್ಲಿ 48 ನಿಮಿಷ ತೆಗೆದುಕೊಂಡರೆ, 120 ಎಂಬಿ ವೇಗದಲ್ಲಿ 14 ನಿಮಿಷಕ್ಕೆ ಮುಗಿಯುತ್ತವೆ. ಹೊರಗಿನದೂ ಎಸ್‌ಎಸ್‌ಡಿಯಾದರೆ ಇನ್ನೂ ಬೇಗ. ಆದರೆ ಎಚ್61ರ ಸಾಟಾ ಪೋರ್ಟುಗಳೂ (ಒಳಗಿನ ಡಿಸ್ಕ್ ಸಿಕ್ಕಿಸುವ ಜಾಗ) 3 ಗಿಗಾಬಿಟ್‌ನವೇ ಆದ್ದರಿಂದ ಒಳಗಿನ ಎಸ್‌ಎಸ್‌ಡಿ 270 ಎಂಬಿಯ ಆಚೆ ಹೋಗುವುದಿಲ್ಲ. ಆಗ ಅದೇ ಫೈಲುಗಳಿಗೆ 6 ನಿಮಿಷದಷ್ಟು ಬೇಕು.

ಈಗ ಕೇಬಲ್ ವಿಚಾರ. ಇದನ್ನು ಯಾರೂ ನೋಡುವುದಿಲ್ಲ, ತೊಂದರೆ ಹೆಚ್ಚಾಗಿ ಅಡಗಿರುವುದು ಇಲ್ಲೇ. ಪೋರ್ಟಬಲ್ ಡಿಸ್ಕ್‌ನ ಅಗಲವಾದ ಪಿನ್ ಗಮನಿಸಿ, ಅದರಲ್ಲಿ ಎರಡು ಭಾಗಗಳಿವೆ. ದೊಡ್ಡ ಭಾಗ ಹಳೇ ಫೋನಿನ ಚಾರ್ಜರ್ ಪಿನ್ನಿನ ಅಳತೆಯದೇ. ಪಕ್ಕದ ಚಿಕ್ಕ ಭಾಗದಲ್ಲಿರುವ ಐದು ಸಂಪರ್ಕಗಳು 3.0ದವು. ಮೂಲ ಕೇಬಲ್ ಕಳೆದುಹೋದಾಗ ಜನ ಫೋನಿನ ಕೇಬಲ್ ಚುಚ್ಚುತ್ತಾರೆ. ಅದು ಸರಿಯಾಗಿ ಕೂರುತ್ತದೆ, ಡಿಸ್ಕ್ ತೆರೆದುಕೊಳ್ಳುತ್ತದೆ, ಓಡುವುದು ಮಾತ್ರ 2.0 ವೇಗದಲ್ಲಿ. ಟೈಪ್-ಸಿ ಬಂದ ಮೇಲೂ ಇದು ತಪ್ಪಿಲ್ಲ, ಫೋನ್ ಚಾರ್ಜಿಂಗ್‌ಗೆ ಕೊಡುವ ಎಷ್ಟೋ ಟೈಪ್-ಸಿ ಕೇಬಲ್‌ಗಳಲ್ಲಿ 2.0ರ ತಂತಿಗಳಷ್ಟೇ ಇರುತ್ತವೆ. ಕೇಬಲ್‌ನ ಕಂಪ್ಯೂಟರ್ ಕಡೆಯ ನೀಲಿ ಪಿನ್ನಿನಲ್ಲಿ ಈ ಐದು ಸಂಪರ್ಕಗಳು ಒಳಗೆ, ಹಿಂಬದಿಗಿವೆ. ಪಿನ್ ಅರ್ಧ ಕೂತರೆ ಅಥವಾ ತೀರಾ ನಿಧಾನವಾಗಿ ತಳ್ಳಿದರೆ ಮುಂದಿನ ನಾಲ್ಕು ಮೊದಲು ತಾಗಿ, ಕಂಪ್ಯೂಟರ್ ಇದು 2.0 ಸಾಧನವೆಂದು ತಿಳಿದುಬಿಡುತ್ತದೆ. ತೆಗೆದು, ಒಂದೇ ಸಲಕ್ಕೆ ಕೊನೆಯವರೆಗೂ ಒತ್ತಿ ನೋಡಿ.

ಕೇಬಲ್ ಸರಿಯಿದೆ, ಪೋರ್ಟೇ ಹಳೆಯದು ಎಂದಾದರೆ ಕ್ಯಾಬಿನೆಟ್ ತೆರೆಯಿರಿ. ಬೋರ್ಡ್ ಮೇಲೆ 19 ಪಿನ್‌ಗಳ ಯುಎಸ್‌ಬಿ 3.0 ಹೆಡರ್ (ಕೇಬಲ್ ಸಿಕ್ಕಿಸುವ ಪಿನ್‌ಗಳ ಗುಂಪು) ಖಾಲಿ ಬಿದ್ದಿದ್ದರೆ ಕಾರ್ಡ್ ಬೇಡವೇ ಬೇಡ, ಅದರಿಂದ ಪೋರ್ಟನ್ನು ಕ್ಯಾಬಿನೆಟ್ ಹಿಂದಕ್ಕೆ ಎಳೆಯುವ ಲೋಹದ ಪಟ್ಟಿ, ಅಂದರೆ ಬ್ರಾಕೆಟ್ ಸಾಕು. ಇಲ್ಲದಿದ್ದರೆ ಸ್ಲಾಟ್ ಹುಡುಕಿ. ಉದ್ದನೆಯ ಬಿಳಿ ಸ್ಲಾಟ್ ಹಳೇ ಪಿಸಿಐ, ಅದರ ಒಟ್ಟು ವೇಗವೇ 133 ಎಂಬಿ, ಅದರ ತಂಟೆ ಬೇಡ. ಬೆರಳಿನ ಒಂದು ಗಣ್ಣಿನಷ್ಟು ಉದ್ದದ ಪುಟ್ಟ ಸ್ಲಾಟ್ ಪಿಸಿಐ ಎಕ್ಸ್‌ಪ್ರೆಸ್ ಎಕ್ಸ್1. ಎಚ್61ರಲ್ಲಿ ಇದು 2ನೇ ತಲೆಮಾರಿನದು, ಸೆಕೆಂಡಿಗೆ 500 ಎಂಬಿ. 5 ಗಿಗಾಬಿಟ್ ಕಾರ್ಡಿಗೆ ಇದು ಹೇಳಿ ಮಾಡಿಸಿದ ಜೋಡಿ. ಕಾರ್ಡಿನಲ್ಲಿ ನಾಲ್ಕು ಪೋರ್ಟ್ ಇದ್ದರೂ ಈ 500ನ್ನು ನಾಲ್ಕೂ ಹಂಚಿಕೊಳ್ಳಬೇಕು ಎಂಬುದು ನೆನಪಿರಲಿ. ಈ ಸ್ಲಾಟ್‌ಗೆ 10 ಗಿಗಾಬಿಟ್ ಎಂದು ಬರೆದ ಕಾರ್ಡ್ ಮಾರುವವರು ನಿಮ್ಮ ದುಡ್ಡು ದಂಡ ಮಾಡಿಸುತ್ತಿದ್ದಾರೆ. ಅಂಥ ಕಾರ್ಡ್ ನಿಜಕ್ಕೂ ಬೇಕೆಂದರೆ ಎಕ್ಸ್4 (ಎಕ್ಸ್1ರ ನಾಲ್ಕು ಪಟ್ಟು ದಾರಿಯ) ಅಳತೆಯದನ್ನು ತಂದು, ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಖಾಲಿಯಿರುವ ಉದ್ದನೆಯ ಎಕ್ಸ್16 ಸ್ಲಾಟ್‌ಗೆ ಹಾಕಿ. ಸ್ಲಿಮ್ ಕ್ಯಾಬಿನೆಟ್ ಇದ್ದವರು ಲೋ ಪ್ರೊಫೈಲ್ (ಗಿಡ್ಡ) ಬ್ರಾಕೆಟ್ ಕೇಳಿ ಪಡೆಯಿರಿ. ಮೊದಲು ನಾವು ಇದೇ ಕೆಲಸಕ್ಕೆ ಸಾಟಾ ಪೋರ್ಟನ್ನು ಹೊರಗೆ ತರುವ ಇ-ಸಾಟಾ ಬ್ರಾಕೆಟ್ ಹಾಕಿಕೊಡುತ್ತಿದ್ದೆವು. ಅದರ ಕೇಬಲ್‌ನಲ್ಲಿ ಕರೆಂಟ್ ಹೋಗುವುದಿಲ್ಲ, ಡಿಸ್ಕ್‌ಗೆ ಬೇರೆ ಅಡಾಪ್ಟರ್ ಬೇಕು. ಈಗ ಅದನ್ನು ಯಾರಿಗೂ ಹೇಳುವುದಿಲ್ಲ.

ಕರೆಂಟ್ ಮಾತು ಬಂದದ್ದರಿಂದ ಹೇಳುತ್ತೇನೆ. ಯುಎಸ್‌ಬಿ 3.0 ಪೋರ್ಟ್ ಒಂದೊಂದೂ 900 ಮಿಲಿಆಂಪಿಯರ್ ಕೊಡಬೇಕು. ಕಾರ್ಡಿನ ಮೇಲೆ ಪವರ್ ಸಾಕೆಟ್ ಇದ್ದರೆ ಎಸ್‌ಎಂಪಿಎಸ್‌ನಿಂದ (ಕ್ಯಾಬಿನೆಟ್‌ನ ಪವರ್ ಸಪ್ಲೈ) ಬರುವ ಸಾಟಾ ಅಥವಾ ನಾಲ್ಕು ಪಿನ್ನಿನ ವೈರನ್ನು ಅದಕ್ಕೆ ಸಿಕ್ಕಿಸಲೇಬೇಕು. ಸಿಕ್ಕಿಸದೆ ಬಿಟ್ಟರೆ ಡಿಸ್ಕ್ ಟಿಕ್ ಟಿಕ್ ಎನ್ನುತ್ತಾ ಬಂದು ಬಂದು ಹೋಗುತ್ತದೆ, ಹಾಗೆ ಬರೆಯುವಾಗ ಕೈಕೊಟ್ಟರೆ ಫೈಲುಗಳೂ ಕೆಡಬಹುದು. ನಾಲ್ಕು ಪಿನ್‌ನಿಂದ ಸಾಟಾಕ್ಕೆ ಬದಲಿಸುವ, ತಂತಿಗಳನ್ನು ಪ್ಲಾಸ್ಟಿಕ್‌ನಲ್ಲಿ ಎರಕ ಹೊಯ್ದ ಅಗ್ಗದ ಕನ್ವರ್ಟರ್ ಮಾತ್ರ ಬೇಡ. ಅವು ಕಾಯ್ದು ಸುಟ್ಟುಹೋಗುವ ಅಪಾಯವಿದೆ.

ಕೂರಿಸುವುದು ಸುಲಭ. ಮೇನ್ ಸ್ವಿಚ್ ಆರಿಸಿ, ವೈರ್ ಕಿತ್ತು, ಪವರ್ ಬಟನ್ ಒಂದೆರಡು ಸಲ ಒತ್ತಿ, ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹ ಮುಟ್ಟಿ ಕೆಲಸ ಶುರುಮಾಡಿ. ಕಾರ್ಡ್ ನೆಟ್ಟಗೆ ಇಳಿಯಬೇಕು, ಬ್ರಾಕೆಟ್ ಸ್ಕ್ರೂ ಬಿಗಿಯಬೇಕು. ಇಲ್ಲದಿದ್ದರೆ ಹಿಂದಿನಿಂದ ಕೇಬಲ್ ಎಳೆದಾಗಲೆಲ್ಲ ಕಾರ್ಡ್ ಅಲುಗುತ್ತದೆ. ವಿಂಡೋಸ್ 8ರಿಂದ ಈಚೆಗೆ ಡ್ರೈವರ್ ಒಳಗೇ ಇದೆ. ವಿಂಡೋಸ್ 7ಕ್ಕೆ ಕಾರ್ಡಿನ ಚಿಪ್ ತಯಾರಿಸಿದವರ ಡ್ರೈವರ್ ಹಾಕಬೇಕು, ಹಾಗಾಗಿ ಕೊಳ್ಳುವಾಗಲೇ ಚಿಪ್ ಯಾವುದೆಂದು ಕೇಳಿ. ಅಸ್‌ಮೀಡಿಯಾ ಅಥವಾ ರೆನೆಸಾಸ್ ಇದ್ದರೆ ನಾನು ಒಪ್ಪುತ್ತೇನೆ.

ಹಾಕಿದ ಮೇಲೆ ಚಿಕ್ಕಚಿಕ್ಕ ಫೋಟೋಗಳ ಫೋಲ್ಡರ್ ಕಾಪಿ ಮಾಡಿ ವೇಗ ಅಳೆಯಬೇಡಿ. ಸಣ್ಣ ಫೈಲುಗಳು ಸಾವಿರಾರು ಇದ್ದರೆ ಎಂಥ ಪೋರ್ಟ್ ಇದ್ದರೂ ನಿಧಾನವೇ. 10 ಜಿಬಿಯಷ್ಟಿರುವ ಒಂದು ವಿಡಿಯೋ ಫೈಲ್ ಕಳಿಸಿ ನೋಡಿ. 40 ದಾಟಿ 100ರ ಹತ್ತಿರ ಬಂದಿದ್ದರೆ ಕಾರ್ಡ್ ತನ್ನ ಕೆಲಸ ಮಾಡುತ್ತಿದೆ. ಹೊಸ ಕಾರ್ಡ್ ಬಂದ ಮೇಲೆ ವೈರ್‌ಲೆಸ್ ಮೌಸ್ ತಡೆತಡೆದು ಓಡತೊಡಗಿದರೆ ಮೌಸ್ ಬದಲಿಸಬೇಡಿ. ಯುಎಸ್‌ಬಿ 3.0 ಓಡುವಾಗ 2.4 ಗಿಗಾಹರ್ಟ್ಸ್ ಸುತ್ತಮುತ್ತ ಗದ್ದಲ ಹೊರಡುತ್ತದೆ, ಆ ಮೌಸ್‌ಗಳು ಮಾತಾಡುವುದೂ ಅಲ್ಲೇ. ಅದರ ರಿಸೀವರನ್ನು ಹೊಸ ಪೋರ್ಟಿನ ಪಕ್ಕದಿಂದ ಕಿತ್ತು ಕ್ಯಾಬಿನೆಟ್ ಮುಂದಿನ 2.0 ಪೋರ್ಟಿಗೆ ಹಾಕಿ.