ಕಲ್ಲುಹೂವು ಹೇಳುವ ಹಿಮನದಿಯ ವಯಸ್ಸು

ಅಡುಗೆಗೆ ಹಾಕುವ ಕಲ್ಲುಹೂವು ಗೊತ್ತಲ್ವಾ? ಅದರ ಒಂದು ನೆಂಟ ಬಂಡೆಗೆ ಗಟ್ಟಿಯಾಗಿ ಅಂಟಿಕೊಂಡು ದುಂಡಗೆ ಹರಡುತ್ತದೆ. ತುಂಬಾ ನಿಧಾನ ಅದು, ವರ್ಷಕ್ಕೆ ಒಂದು ಮಿಲಿಮೀಟರ್ ಬೆಳೆದರೂ ಜಾಸ್ತಿ.

ಹಿಮನದಿ ಮುಂದೆ ಬರುವಾಗ ಕಲ್ಲುಮಣ್ಣು ತಳ್ಳಿಕೊಂಡು ಬರುತ್ತದೆ, ಹಿಂದೆ ಸರಿದಾಗ ಅದೆಲ್ಲ ದಿಬ್ಬವಾಗಿ ಅಲ್ಲೇ ಉಳಿಯುತ್ತದೆ. ಇದಕ್ಕೆ ಮೊರೇನ್ ಅನ್ನುತ್ತಾರೆ. ಆ ಕಲ್ಲುಗಳ ಮೇಲಿನ ಅತಿ ದೊಡ್ಡ ಕಲ್ಲುಹೂವನ್ನು ಅಳೆದರೆ, ಹಿಮ ಅಲ್ಲಿಂದ ಸರಿದು ಎಷ್ಟು ಕಾಲವಾಯಿತು ಅಂತ ಅಂದಾಜು ಸಿಗುತ್ತದೆ. ಯುರೋಪಿನ ಆಲ್ಪ್ಸ್‌ನಲ್ಲಿ ಹಳೆಯ ಚಿತ್ರಗಳು, ದಾಖಲೆಗಳೂ ಇವೆ. ಎಲ್ಲ ಸೇರಿಸಿ ನೋಡಿದರೆ ಅಲ್ಲಿನ ಹಿಮನದಿಗಳು 1850ರ ಸುಮಾರಿಗೆ ತುಂಬಾ ಉದ್ದವಿದ್ದವು, ಆಮೇಲೆ ಕುಗ್ಗುತ್ತಾ ಬಂದಿವೆ.

ಹಿಮಾಲಯದ್ದು ಕಷ್ಟದ ಕೆಲಸ, ಯಾಕಂದ್ರೆ ಅಲ್ಲಿ ಹಳೆಯ ಅಳತೆಗಳು ಬಹಳ ಕಡಿಮೆ. ಗಂಗೋತ್ರಿ ಹಿಮನದಿಯ ತುದಿ, ಅಂದರೆ ಗೋಮುಖದ ನಕ್ಷೆ 1935ರದ್ದು ಇದೆ. ಆದರೆ ದೊಡ್ಡ ನೆರವು ಸಿಕ್ಕಿದ್ದು ಅಮೆರಿಕದ ಗೂಢಚಾರಿ ಉಪಗ್ರಹಗಳಿಂದ! ಶೀತಲ ಸಮರದ ಕಾಲದಲ್ಲಿ ಅವು ಫಿಲ್ಮಿನಲ್ಲಿ ತೆಗೆದ ಫೋಟೋಗಳ ಗುಟ್ಟು ಬಿಟ್ಟುಕೊಟ್ಟ ಮೇಲೆ, ವಿಜ್ಞಾನಿಗಳು ಸುಮಾರು 650 ಹಿಮನದಿಗಳ ಆಗಿನ ಎತ್ತರ ಲೆಕ್ಕ ಹಾಕಿ, ಈಗಿನ ಎತ್ತರದ ಜೊತೆ ಇಟ್ಟು ನೋಡಿದರು. 2019ರಲ್ಲಿ ಬಂದ ಉತ್ತರ ನನ್ನನ್ನು ನಿಜಕ್ಕೂ ಕಂಗೆಡಿಸಿತು. 1975ರಿಂದ 2000ದವರೆಗೆ ಕರಗಿದ್ದಕ್ಕಿಂತ ಸುಮಾರು ಎರಡು ಪಟ್ಟು ವೇಗದಲ್ಲಿ, 2000ದಿಂದ 2016ರವರೆಗೆ ಕರಗಿವೆ.

ಇದಕ್ಕೆ ಹಿಮ ಬೀಳೋದು ಕಡಿಮೆಯಾಗಿದ್ದೇ ಕಾರಣ ಇರಬಹುದಲ್ವಾ? ನಮ್ಮ ಚಿಕ್ಕಮಗಳೂರು ಜಿಲ್ಲೆಯನ್ನೇ ನೋಡಿ. ಮೂಡಿಗೆರೆಯಲ್ಲಿ ಧೋ ಅಂತ ಸುರಿಯುವ ಹೊತ್ತಿಗೆ ಕಡೂರಿನಲ್ಲಿ ಮೋಡ ಮಾತ್ರ. ತೋಟದವರು ಇಂಚು, ಸೆಂಟ್ಸ್ (ಇಂಚಿನ ನೂರನೇ ಒಂದು ಭಾಗ) ಅಂತ ಬರೆದಿಟ್ಟ ಮಳೆ ಪುಸ್ತಕಗಳು ಗುಡ್ಡದ ಆಚೆಗೊಂದು, ಈಚೆಗೊಂದು ಲೆಕ್ಕ ಹೇಳುತ್ತವೆ. ಮಳೆ, ಹಿಮ ಜಾಗದಿಂದ ಜಾಗಕ್ಕೆ ಅಷ್ಟು ಬೇರೆಯಾಗುತ್ತವೆ. ಬಿಸಿಲಿಗೆ ಹಿಮ ಬೇಗ ಕರಗುವಂತೆ ಮಾಡುವ ಮಸಿಯೂ ಎಲ್ಲ ಕಡೆ ಒಂದೇ ಸಮ ಇರೋದಿಲ್ಲ. ಆದರೆ ಹಿಮಾಲಯದ ಸುಮಾರು 2000 ಕಿಲೋಮೀಟರ್ ಉದ್ದಕ್ಕೂ ಕರಗುವ ವೇಗ ಹೆಚ್ಚುಕಡಿಮೆ ಒಂದೇ ತರಹ ಏರಿದೆ. ಅಷ್ಟು ದೂರ ಒಟ್ಟಿಗೆ ಬದಲಾಗಿದ್ದು ತಾಪಮಾನ.

ಸುದ್ದಿಯಲ್ಲಿ ಮಾತ್ರ ಗೋಮುಖ ಎಷ್ಟು ಮೀಟರ್ ಹಿಂದೆ ಹೋಯಿತು ಅನ್ನೋದೇ ಬರುತ್ತದೆ. ಅದು ಸುಳ್ಳಲ್ಲ, 1935ರಿಂದ ಒಂದೂವರೆ ಕಿಲೋಮೀಟರಿಗೂ ಜಾಸ್ತಿ ಸರಿದಿದೆ. ಆದರೆ ದೊಡ್ಡ ಹಿಮನದಿಯ ತುದಿಗೆ ವಾತಾವರಣದ ಬದಲಾವಣೆ ಮುಟ್ಟೋಕೆ ದಶಕಗಳೇ ಬೇಕು. ಜೊತೆಗೆ ದಪ್ಪ ಕಲ್ಲುಮಣ್ಣು ಮುಚ್ಚಿಕೊಂಡ ತುದಿ ನಿಧಾನ ಕರಗುತ್ತದೆ. ಉದ್ದ ಹಾಗೇ ಇದ್ದು, ಮೇಲಿಂದ ತೆಳ್ಳಗಾಗುತ್ತಾ ಹೋಗಬಹುದು. ಅದಕ್ಕೇ ಹಿಮಾಚಲದ ಛೋಟಾ ಶಿಗ್ರಿ ಹಿಮನದಿಯಲ್ಲಿ 2002ರಿಂದ ಹಿಮದಲ್ಲಿ ಕೋಲು ನೆಟ್ಟು, ವರ್ಷಕ್ಕೆ ಎಷ್ಟು ಸೇರಿತು, ಎಷ್ಟು ಕರಗಿತು ಅಂತ ಅಳೆಯುತ್ತಿದ್ದಾರೆ.