ವಿಷಯ ಇದೆ, ಪ್ರಶ್ನೆ ಎಲ್ಲಿ? ಲೇಖನಕ್ಕೆ ಐಡಿಯಾ ಹುಡುಕುವವರಿಗೆ ಟಿಪ್ಪಣಿ

ಜಾಲತಾಣಕ್ಕೆ ಬರೆಯಲು ಕೂತ ಹೊಸಬರು ಮೊದಲು ಎಡವುವುದು ಒಂದೇ ಕಡೆ: ವಿಷಯವನ್ನೇ ಐಡಿಯಾ ಅಂದುಕೊಳ್ಳುತ್ತಾರೆ. ‘ಚಿತ್ರದುರ್ಗದ ಕೋಟೆ’ ಒಂದು ವಿಷಯ, ಅಷ್ಟೇ. ಅದರ ಬಗ್ಗೆ ಬರುವ ಬರಹಗಳಲ್ಲಿ ಏಳು ಸುತ್ತು, ಓಬವ್ವನ ಕಿಂಡಿ, ಮದಕರಿ ನಾಯಕ, 1779ರಲ್ಲಿ ಹೈದರಾಲಿ ಕೋಟೆ ಹಿಡಿದದ್ದು, ಇದೇ ನಾಲ್ಕು ಮಾತು ಹಿಂದುಮುಂದಾಗಿ ಬರುತ್ತಿರುತ್ತವೆ. ಐಡಿಯಾ ಅಂದರೆ ಒಬ್ಬ ಓದುಗ ನಿಜವಾಗಿ ಕೇಳಬಹುದಾದ ಪ್ರಶ್ನೆ. ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಹಾಕಲು ಬರದಿದ್ದರೆ ಅದಿನ್ನೂ ಕಾಯಿ, ಹಣ್ಣಾಗಿಲ್ಲ.

ವಿಷಯವನ್ನು ಬಿಡಿಸುವುದು

ದಾವಣಗೆರೆ ಬೆಣ್ಣೆ ದೋಸೆಯನ್ನೇ ತೆಗೆದುಕೊಳ್ಳಿ. ಹಾಳೆಯ ನಡುವೆ ಹೆಸರು ಬರೆದು ಸುತ್ತಲೂ ಅದರ ಭಾಗಗಳನ್ನು ಬರೆಯಿರಿ: ಅಕ್ಕಿ, ಉದ್ದಿನಬೇಳೆ, ಹಿಟ್ಟಿಗೆ ಸೇರುವ ಮಂಡಕ್ಕಿ, ಬೆಣ್ಣೆ, ಕಾವಲಿ, ಸೌದೆ ಒಲೆ, ಕಾಯಿ ಚಟ್ನಿ, ಆಲೂಗಡ್ಡೆ ಪಲ್ಯ, ಹೊಯ್ಯುವವರು, ತಿನ್ನುವವರು. ಹತ್ತಾಯಿತು. ಒಂದೊಂದಕ್ಕೂ ಐದು ಪ್ರಶ್ನೆ ಹಾಕಿ: ಎಲ್ಲಿಂದ ಬರುತ್ತದೆ, ಯಾಕೆ ಅದೇ ಬೇಕು, ಅದಿಲ್ಲದಿದ್ದರೆ ಏನಾಗುತ್ತದೆ, ಎಷ್ಟು ಖರ್ಚು, ಯಾರ ಕೈಯ ಕೆಲಸ. ಐವತ್ತು ಪ್ರಶ್ನೆಗೆ ಸುಮಾರು ಅರ್ಧ ಗಂಟೆ ಹಿಡಿಯುತ್ತದೆ. ಮೊದಲ ಹದಿನೈದು ಸಪ್ಪೆಯಾಗಿರುತ್ತವೆ, ಬೇಸರಪಡಬೇಡಿ. ಮೊದಲು ಹೊಳೆಯುವುದು ಎಲ್ಲರಿಗೂ ಹೊಳೆಯುವುದೇ. ಬಹಳ ಜನ ಅಲ್ಲಿಗೇ ಪೆನ್ನು ಇಡುತ್ತಾರೆ. ಮೂವತ್ತು ದಾಟಿದ ಮೇಲೆ ಕೈಗೆ ಹತ್ತುವಂಥದ್ದು ಬರತೊಡಗುತ್ತದೆ.

ಅಂಥದ್ದೊಂದು: ‘ಮನೆಯ ತೆಳು ಕಾವಲಿಯಲ್ಲಿ ಹೋಟೆಲಿನ ಗರಿಗರಿ ಯಾಕೆ ಬರುವುದಿಲ್ಲ?’ ದಪ್ಪ ಕಬ್ಬಿಣದ ಕಾವಲಿ ಕಾವು ಹಿಡಿದಿಟ್ಟುಕೊಳ್ಳುತ್ತದೆ, ತಣ್ಣನೆಯ ಹಿಟ್ಟು ಬಿದ್ದರೂ ಬಿಸಿ ಅಷ್ಟಾಗಿ ಇಳಿಯುವುದಿಲ್ಲ. ತೆಳುವಾದದ್ದು ಒಂದು ಸೌಟು ಹಿಟ್ಟಿಗೇ ತಣಿಯುತ್ತದೆ. ನೀರಿನಂಶ ಬೇಗ ಆರದೆ ದೋಸೆ ಮೆತ್ತಗಾಗುತ್ತದೆ. ಒಂದೇ ಹಿಟ್ಟನ್ನು ಎರಡು ಕಾವಲಿಯಲ್ಲಿ ಹೊಯ್ದು, ಎಷ್ಟೆಷ್ಟು ನಿಮಿಷ ಹಿಡಿಯಿತೆಂದು ಬರೆದುಕೊಂಡು, ಎರಡರ ಫೋಟೊ ಪಕ್ಕಪಕ್ಕ ಇಟ್ಟರೆ 800 ಪದ ಸಲೀಸಾಗಿ ಬರುತ್ತದೆ. ಹಾಗೆಯೇ ಹಿಟ್ಟನ್ನು ಎರಡು ಪಾಲು ಮಾಡಿ, ಒಂದಕ್ಕೆ ಮಾತ್ರ ಮಂಡಕ್ಕಿ ಹಾಕಿ ರುಬ್ಬಿದರೆ ಇನ್ನೊಂದು ಲೇಖನ.

ಕಿವಿಗೆ ಬಿದ್ದದ್ದನ್ನು ಬಿದ್ದ ಹಾಗೇ ಬರೆಯುವುದು

ಜೇಬಲ್ಲಿ ಹಿಡಿಯುವ ನೋಟ್‌ಬುಕ್ ಸಾಕು, ಮೊಬೈಲಾದರೂ ಆದೀತು. ದಿನಾಂಕ, ಜಾಗ, ಆಡಿದ ಮಾತು, ಮೂರೇ ಕಾಲಂ. ಇಲ್ಲಿ ಆಗುವ ತಪ್ಪು ಎಂದರೆ ಮಾತಿನ ಬದಲು ಅದರ ಸಾರಾಂಶ ಬರೆಯುವುದು. ಎಪಿಎಂಸಿ ಅಂಗಳದಲ್ಲಿ ಮೆಕ್ಕೆಜೋಳ ತಂದ ರೈತರೊಬ್ಬರು “ತೇವ ಐತೆ ಅಂತ ರೇಟು ಮುರೀತಾರ್ರೀ” ಅಂದರು ಎಂದುಕೊಳ್ಳಿ. ನೀವು ‘ರೈತರ ಬೆಲೆ ಸಮಸ್ಯೆ’ ಎಂದು ಬರೆದುಕೊಂಡರೆ ವಾರದ ನಂತರ ಆ ಸಾಲಿನಿಂದ ಏನೂ ಹುಟ್ಟುವುದಿಲ್ಲ. ಆ ಮಾತನ್ನೇ ಬರೆದಿಟ್ಟಿದ್ದರೆ ಪ್ರಶ್ನೆಗಳು ತಾವಾಗಿ ಏಳುತ್ತವೆ. ತೇವ ಅಳೆಯುವುದು ಮೀಟರಿನಿಂದಲೋ, ಕಾಳು ಕಚ್ಚಿ ನೋಡಿಯೋ? ಬೆಂಬಲ ಬೆಲೆ ಖರೀದಿಯಲ್ಲಿ ಮೆಕ್ಕೆಜೋಳದ ತೇವಾಂಶಕ್ಕೆ 14 ಶೇಕಡದ ಮಿತಿ ಇದೆ. ಕಣದಲ್ಲಿ ಎಷ್ಟು ದಿನ ಒಣಗಿಸಿದರೆ ಅಲ್ಲಿಗೆ ಇಳಿಯುತ್ತದೆ? ಒಣಗಿದ ಮೇಲೆ ತೂಕ ಎಷ್ಟು ಕಡಿಮೆಯಾಗುತ್ತದೆ, ಹಾಗಾದರೆ ಹಸಿಯಾಗಿಯೇ ಮಾರುವುದು ಲಾಭವೋ ನಷ್ಟವೋ? ಕೊನೆಯದಂತೂ ರೈತರ ಮನೆಯ ಲೆಕ್ಕ, ಓದುಗರು ಮತ್ತೆ ಮತ್ತೆ ಹುಡುಕಿಕೊಂಡು ಬರುವಂಥದ್ದು.

ಬೇರೆಯವರು ಬರೆದಿದ್ದಾರಾ ಎಂದು ನೋಡುವುದು

ಬ್ರೌಸರಿನಲ್ಲಿ ಖಾಸಗಿ ಕಿಟಕಿ (ಇನ್‌ಕಾಗ್ನಿಟೊ) ತೆರೆಯಿರಿ. ಇಲ್ಲದಿದ್ದರೆ ಗೂಗಲ್ ನಿಮ್ಮ ಹಳೆಯ ಹುಡುಕಾಟಕ್ಕೆ ತಕ್ಕದ್ದನ್ನೇ ತೋರಿಸಬಹುದು. ಪ್ರಶ್ನೆಯನ್ನು ಕನ್ನಡ ಲಿಪಿಯಲ್ಲಿ ಒಮ್ಮೆ, ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ ಇನ್ನೊಮ್ಮೆ ಟೈಪ್ ಮಾಡಿ. ಎರಡರ ಫಲಿತಾಂಶವೂ ಬೇರೆ ಬೇರೆ ಬರುತ್ತದೆ. ಮೊದಲ ಹತ್ತು ಬರಹ ಓದಿ, ಎಲ್ಲರೂ ಹೇಳಿದ್ದನ್ನು ಒಂದು ಹಾಳೆಗೆ ಇಳಿಸಿ. ಅದು ನೀವು ಹೇಳಬಾರದ ಮಾತುಗಳ ಪಟ್ಟಿ. ಎಐ ಚಾಟ್‌ಬಾಟನ್ನೂ ಇದಕ್ಕೇ ಬಳಸಿ: ಅದು ಕೊಡುವ ಇಪ್ಪತ್ತು ಐಡಿಯಾ ಹೆಚ್ಚಾಗಿ ಈಗಾಗಲೇ ಬಂದುಹೋದವುಗಳ ಸರಾಸರಿ, ಹೊಡೆದುಹಾಕಲು ಅನುಕೂಲ. ಯಾವ ಪದವನ್ನು ಜನ ಎಷ್ಟು ಹುಡುಕುತ್ತಾರೆಂದು ತೋರಿಸುವ ಗೂಗಲ್ ಟ್ರೆಂಡ್ಸ್‌ನಲ್ಲಿ ಕರ್ನಾಟಕ, ಐದು ವರ್ಷ ಎಂದು ಇಟ್ಟು ನೋಡಬಹುದು, ಆದರೆ ನಮ್ಮ ತಾಲ್ಲೂಕುಗಳ ಪದಗಳಿಗೆ ಅಲ್ಲಿ ಸಾಕಷ್ಟು ಮಾಹಿತಿ ಸಿಗದಿರುವುದೇ ಹೆಚ್ಚು. ಅಷ್ಟಕ್ಕೇ ಓದುಗರಿಲ್ಲ ಎಂದು ಬಿಟ್ಟುಬಿಡಬೇಡಿ.

ಸಮಯ

ಮುಂಗಾರು ಬಿತ್ತನೆಯ ಲೇಖನ ಜುಲೈನಲ್ಲಿ ಬಂದರೆ ಯಾರಿಗೂ ಬೇಡ, ಮೇ ತಿಂಗಳ ಮಧ್ಯಕ್ಕೆ ಸಿದ್ಧವಿರಬೇಕು. ನಾಯಕನಹಟ್ಟಿ ತೇರು ಫಾಲ್ಗುಣದಲ್ಲಿ. ಮೂರು ನಾಲ್ಕು ವಾರ ಮೊದಲೇ ಜನ ಹುಡುಕತೊಡಗುತ್ತಾರೆ.

ಹಳೆಯ ಕಾಗದ, ಹೊಸ ಪ್ರಶ್ನೆ

ಇದು ಹೆಚ್ಚು ಜನ ಕೈಹಾಕದ ಗಣಿ. ಬಿ. ಎಲ್. ರೈಸ್ ಸಂಪಾದಿಸಿದ ಶಾಸನ ಸಂಗ್ರಹ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 11ನೇ ಸಂಪುಟ ಚಿತ್ರದುರ್ಗ ಜಿಲ್ಲೆಯದು. ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ, ಹಾಗಾಗಿ ದಾವಣಗೆರೆ ತಾಲ್ಲೂಕಿನ ಶಾಸನಗಳೂ ಅದರಲ್ಲೇ ಇವೆ. ನಿಮ್ಮೂರಿನ ಕೆರೆ, ಗುಡಿಯ ಹೆಸರು ಅಲ್ಲಿದೆಯೇ ನೋಡಿ, ಇದ್ದರೆ ಹೋಗಿ ಕಲ್ಲು ಈಗ ಯಾವ ಸ್ಥಿತಿಯಲ್ಲಿದೆ ನೋಡಿ ಬನ್ನಿ.

ಹಿರಿಯೂರಿನ ವಾಣಿವಿಲಾಸ ಸಾಗರ ಇನ್ನೊಂದು ಉದಾಹರಣೆ. 1907ರಲ್ಲಿ ಕಟ್ಟಿ ಮುಗಿದ ಈ ಅಣೆಕಟ್ಟು 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದದ್ದು 2022ರಲ್ಲೇ. ಆಗ ಎಲ್ಲರೂ ನೀರಿನ ಫೋಟೊ ಹಾಕಿದರು. ಉಳಿದುಕೊಂಡ ಪ್ರಶ್ನೆ ಬೇರೆ: 89 ವರ್ಷ ಕೋಡಿ ನೀರು ಹರಿಯದ ದಾರಿಯಲ್ಲಿ ಈಗ ಏನೇನಿದೆ? ತೋಟವೋ, ರಸ್ತೆಯೋ, ಮನೆಯೋ? ಅರ್ಧ ಉತ್ತರ ಕಾಲ್ನಡಿಗೆಯಲ್ಲಿ ಸಿಗುತ್ತದೆ, ಉಳಿದರ್ಧ ಇಲಾಖೆಯ ಕಡತದಲ್ಲಿ. ಅದಕ್ಕೆ ಮಾಹಿತಿ ಹಕ್ಕಿನ ಅರ್ಜಿ: ಹತ್ತು ರೂಪಾಯಿ ಶುಲ್ಕ, ಒಂದೇ ವಿಷಯ, 150 ಪದದೊಳಗೆ. ‘ಪೂರ್ತಿ ಮಾಹಿತಿ ಕೊಡಿ’ ಎಂದು ಬರೆದರೆ ಕೈಗೆ ಏನೂ ಸಿಗುವುದಿಲ್ಲ. ಯಾವ ವರ್ಷದ ಯಾವ ದಾಖಲೆಯ ಪ್ರತಿ ಬೇಕು ಎಂದೇ ಕೇಳಿ. ಅರ್ಜಿ ಕೊಟ್ಟ ದಿನಾಂಕವನ್ನು ನೋಟ್‌ಬುಕ್ಕಿನಲ್ಲಿ ಆ ಪ್ರಶ್ನೆಯ ಪಕ್ಕದಲ್ಲೇ ಬರೆದಿಡಿ. ಉತ್ತರಕ್ಕೆ 30 ದಿನದ ಗಡುವು, ಅಷ್ಟರೊಳಗೆ ಮೆಕ್ಕೆಜೋಳದ ತೇವದ ಲೆಕ್ಕ ಬರೆದು ಮುಗಿಸಬಹುದು.